ಮೆಂತ್ಯದ ಡಬ್ಬಿಯಲ್ಲಿ ಸರ್ಕಾರದ ಕಾರ್ಡು

ಮೊನ್ನೆ ಕತ್ತರಿ ಹುಡುಕುತ್ತಿದ್ದೆ. ನಮ್ಮ ಮನೆಯಲ್ಲಿ ಕತ್ತರಿ ಇಡಲೆಂದೇ ಒಂದು ಖಾನೆ ಇದೆ. ಅದರಲ್ಲಿ ಕತ್ತರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಆ ದಿನ ಸಿಕ್ಕಿದ್ದು ನನ್ನ ಹಳೆಯ ಬ್ರಿಟಿಷ್ ಪಾಸ್‌ಪೋರ್ಟು. ದಪ್ಪ ರಟ್ಟಿನ ಹೊದಿಕೆ, ಕಡುನೀಲಿ ಬಣ್ಣ, ಅವಧಿ ಮುಗಿದಾಗ ಕಚೇರಿಯವರು ಕತ್ತರಿಸಿ ಕಳಿಸಿದ ಒಂದು ಮೂಲೆ. ಅವರ ಹತ್ತಿರ ಕತ್ತರಿ ಇತ್ತಲ್ಲ ಎಂದು ಹೊಟ್ಟೆಕಿಚ್ಚಾಯಿತು. ಒಳಗಿನ ಫೋಟೋದಲ್ಲಿ ಎಣ್ಣೆ ಹಚ್ಚಿ ಬಿಗಿದ ಹೆರಳು, ಎಂಟಾಣೆ ಅಗಲದ ಕುಂಕುಮ. ಗದಗಿನ ಸಂತೆಯಿಂದ ಬದನೆಕಾಯಿ ಕೊಂಡು ಈಗಷ್ಟೇ ಮನೆಗೆ ಬಂದವಳ ಮುಖ. ಎದುರು ಪುಟದಲ್ಲಿ ಮಾತ್ರ, ಈಕೆ ಬ್ರಿಟಿಷ್ ಪ್ರಜೆ ಎಂದು ಗಂಭೀರವಾಗಿ ಬರೆದಿದೆ.

ನಂಬಿ, ಆಕೆ ನಾನೇ. ಬಾಗಲಕೋಟೆಯ ಡಾಕ್ಟರನ್ನು ಮದುವೆಯಾಗಿ, ಎರಡು ವರ್ಷಕ್ಕೆಂದು ಇಂಗ್ಲೆಂಡಿಗೆ ಹೋಗಿ, ಲ್ಯಾಂಕಾಶೈರಿನ ಒಂದು ಸಣ್ಣ ಊರಿನಲ್ಲಿ ಹದಿಮೂರು ವರ್ಷ ಸಂಸಾರ ಮಾಡಿದವಳು ನಾನು. ನಮ್ಮನೆಯವರು ಅಲ್ಲಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ದಿನವಿಡೀ ಜನರನ್ನು ಮಲಗಿಸುವ ಕೆಲಸವಾದ್ದರಿಂದ ಮನೆಯಲ್ಲಿಯೂ ಮಾತು ಕಡಿಮೆ. ನಮ್ಮ ಮಗ ಸಂಜು ಅಲ್ಲಿಯೇ ಹುಟ್ಟಿದ. ಅವನಿಗೆ ಎಂಟು ವರ್ಷವಾದಾಗ ನಾವು ಅಮೆರಿಕಕ್ಕೆ ಬಂದು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯಲ್ಲಿ ಮನೆ ಮಾಡಿದೆವು. ಇಲ್ಲಿಯ ಕನ್ನಡಿಗರ ಯುಗಾದಿ ಊಟಕ್ಕೆ ಹೋದರೆ ‘ಲಂಡನ್ ಮಂದಿ ಬಂದ್ರು’ ಎಂದು ದಾರಿ ಬಿಡುತ್ತಿದ್ದರು. ಲಂಡನ್ನನ್ನು ನಾವು ನೋಡಿದ್ದು ಎರಡೇ ಸಲ. ಎರಡೂ ಸಲ ಕಚೇರಿಯೊಂದರ ಸಾಲಿನಲ್ಲಿ ನಿಂತು.

ವಿಚಿತ್ರವೆಂದರೆ, ಇಂಗ್ಲೆಂಡಿನಲ್ಲಿ ಇದ್ದಷ್ಟು ಕಾಲ ಗದಗಿನವಳೇ ಆಗಿದ್ದ ನಾನು ಅಮೆರಿಕಕ್ಕೆ ಬಂದಮೇಲೆ ಬ್ರಿಟಿಷಳಾದೆ. ಚಹಾಕ್ಕೆ ಕುದಿಯದ ನೀರು ಹಾಕಿ ಕೊಟ್ಟರೆ ಸಿಟ್ಟು ಬರುತ್ತಿತ್ತು. ಅಂಗಡಿಯ ಸಾಲಿನಲ್ಲಿ ಯಾರಾದರೂ ನುಸುಳಿದರೆ ಬಾಯಿಬಿಟ್ಟು ಬೈಯದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಬಾಯಿಬಿಟ್ಟು ಬೈಯುವುದು ಗದಗಿನ ಪದ್ಧತಿ, ಅದನ್ನು ಮನೆಯೊಳಗಿನ ಬಳಕೆಗೆ ಇಟ್ಟುಕೊಂಡಿದ್ದೆ.

ಈ ನನ್ನ ಬ್ರಿಟಿಷ್‌ತನಕ್ಕೆ ಸಾಕ್ಷಿ ಹೆರಾಲ್ಡ್. ನಮ್ಮ ಬೀದಿಯ ಮೂರನೇ ಮನೆಯವರು, ಯಾರ್ಕ್‌ಶೈರಿನ ಕಡೆಯವರು, ನಿವೃತ್ತ ಎಂಜಿನಿಯರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬರೇ ಇದ್ದರೂ ಪ್ಯಾಂಟಿನ ಇಸ್ತ್ರಿಯ ಗೆರೆ ಕೈ ಕೊಯ್ಯುವಷ್ಟು ಚೂಪಾಗಿರುತ್ತಿತ್ತು. ಸಾಕ್ಷಿ ಎಂದದ್ದು ಮಾತಿಗಲ್ಲ. ಹೊರದೇಶದಲ್ಲಿರುವ ಬ್ರಿಟಿಷ್ ಪ್ರಜೆ ತನ್ನ ಹಳೆಯ ಊರಿನ ಮತದಾರರ ಪಟ್ಟಿಯಲ್ಲಿ ಉಳಿಯಬೇಕಾದರೆ ಆಗ ವರ್ಷಕ್ಕೊಮ್ಮೆ ಒಂದು ಘೋಷಣಾಪತ್ರ ತುಂಬಬೇಕಿತ್ತು. ಅದಕ್ಕೆ ಹೊರದೇಶದಲ್ಲೇ ಇರುವ ಇನ್ನೊಬ್ಬ ಬ್ರಿಟಿಷ್ ಪ್ರಜೆ, ಸಂಬಂಧಿಕನಲ್ಲದವನು, ‘ಇವರನ್ನು ನಾನು ಬಲ್ಲೆ’ ಎಂದು ಸಹಿ ಹಾಕಬೇಕು. ಹೆರಾಲ್ಡ್ ನಮಗೆ ಹಾಕುತ್ತಿದ್ದರು, ಅವರಿಗೆ ನಾನು ಹಾಕುತ್ತಿದ್ದೆ. ಏಳೇಳು ತಲೆಮಾರು ಯಾರ್ಕ್‌ಶೈರಿನ ಕುರಿ ಕಾಯ್ದವರ ವಂಶದ ಮನುಷ್ಯ ಬ್ರಿಟಿಷನೇ ಹೌದು ಎಂದು ಗದಗಿನ ಸರೋಜಾ ಮೇರಿಲ್ಯಾಂಡಿನಲ್ಲಿ ಕೂತು ಪ್ರಮಾಣ ಮಾಡಿ ಹೇಳುವುದು! ಆ ಸಹಿಯನ್ನು ನಾನು ಬಹಳ ನಿಧಾನವಾಗಿ ಮಾಡುತ್ತಿದ್ದೆ.

ಮತವನ್ನು ನಾವೇ ಹಾಕುವಂತಿರಲಿಲ್ಲ. ನಮ್ಮ ಪರವಾಗಿ ಆ ಊರಿನಲ್ಲಿರುವ ಯಾರಾದರೂ ಹೋಗಿ ಹಾಕಬೇಕು. ನಮಗೆ ಆ ಉಪಕಾರ ಮಾಡುತ್ತಿದ್ದವಳು ಹಳೆಯ ನೆರೆಯವಳು ಡೋರೀನ್. ನಮ್ಮನೆಯವರದು ಒಂದು ಪಕ್ಷ, ನನ್ನದು ಅದಕ್ಕೆ ಎದುರಿನದು. ತೊಂಬತ್ತೆರಡರ ಚುನಾವಣೆಯಾದ ಮೇಲೆ ಅವಳು ಬರೆದಿದ್ದ ಪತ್ರ ಇನ್ನೂ ನೆನಪಿದೆ. ‘ನೀವಿಬ್ಬರೂ ಹೇಳಿದ ಹಾಗೇ ಹಾಕಿದ್ದೇನೆ. ನಿಮ್ಮ ಮತಗಳು ಒಂದನ್ನೊಂದು ಹೊಡೆದುಹಾಕಿದವು. ನಾನು ಮಳೆಯಲ್ಲಿ ನೆನೆದದ್ದು ಮಾತ್ರ ಉಳಿಯಿತು.’ ನಮ್ಮ ದಾಂಪತ್ಯವನ್ನು ಅಷ್ಟು ಚಿಕ್ಕದಾಗಿ ಇನ್ಯಾರೂ ವಿವರಿಸಿಲ್ಲ.

ಇಷ್ಟು ಹೊತ್ತು ಪಾಸ್‌ಪೋರ್ಟಿನ ಸುತ್ತ ತಿರುಗಿದ್ದು ಸಾಕು, ಹೇಳಬೇಕಾದದ್ದು ತೊಂಬತ್ತೇಳನೇ ಇಸವಿಯ ಮಾತು. ಆ ವರ್ಷ ಫೆಬ್ರವರಿಯಲ್ಲಿ ಸಂಜುಗೆ ಹದಿನೆಂಟು ತುಂಬಿತು. ಆರಡಿ ಎತ್ತರ, ಮುಖದ ಮೇಲೆ ನಾಲ್ಕು ಕೂದಲು, ಬಾಯಲ್ಲಿ ಅರ್ಧ ಕನ್ನಡ. ಆಗಸ್ಟಿನಲ್ಲಿ ಡರ್ಹಮ್‌ನ ವಿಶ್ವವಿದ್ಯಾಲಯಕ್ಕೆ ಹೋಗುವುದು ನಿಶ್ಚಯವಾಗಿತ್ತು, ಇಂಗ್ಲೆಂಡಿನ ಡರ್ಹಮ್ ಅಲ್ಲ, ನಮ್ಮ ಮನೆಯಿಂದ ಕಾರಿನಲ್ಲಿ ಐದಾರು ತಾಸು ದಕ್ಷಿಣಕ್ಕಿರುವ ಅಮೆರಿಕದ್ದು. ಮಾರ್ಚಿನ ಒಂದು ಮಧ್ಯಾಹ್ನ ಟಪಾಲಿನಲ್ಲಿ ಅವನ ಹೆಸರಿಗೆ ಸರ್ಕಾರದ ಒಂದು ಕಾರ್ಡು ಬಂತು. ಮೇಲಿನ ಸಾಲು ಓದಿದೆ. ಸೈನ್ಯಕ್ಕೆ ಬೇಕಾದಾಗ ಹುಡುಗರನ್ನು ಆರಿಸುವ ಇಲಾಖೆ ಅದು. ಅದರ ಕೆಳಗೆ ನನ್ನ ಮಗನ ಪೂರ್ತಿ ಹೆಸರು. ಹೆಸರಿನ ಪಕ್ಕದಲ್ಲಿ ಉದ್ದನೆಯ ನಂಬರು.

ಅಷ್ಟಕ್ಕೇ ಓದುವುದನ್ನು ನಿಲ್ಲಿಸಿದೆ. ಇದರಲ್ಲಿ ನನ್ನದೊಂದು ಲೆಕ್ಕಾಚಾರವಿತ್ತು. ಪೂರ್ತಿ ಓದಿದರೆ ವಿಷಯ ಗೊತ್ತಾಗುತ್ತದೆ, ಗೊತ್ತಾದರೆ ಹುಡುಗನಿಗೆ ಹೇಳಬೇಕಾಗುತ್ತದೆ, ಹೇಳಿದರೆ ಅವನು ಹೋಗುತ್ತಾನೆ. ಓದದೇ ಇದ್ದರೆ ನನಗೇನೂ ಗೊತ್ತಿಲ್ಲ. ನಗಬೇಡಿ. ಆರು ವರ್ಷದ ಹಿಂದೆ ಕೊಲ್ಲಿ ಯುದ್ಧ ನಡೆದಾಗ ಹೋದವರು ಸುಖವಾಗಿ ತಿರುಗಿ ಬರಲೆಂದು ನಮ್ಮ ಬೀದಿಯ ಮರಗಳಿಗೆಲ್ಲ ಹಳದಿ ಪಟ್ಟಿ ಕಟ್ಟಿದ್ದರು. ಮೂಲೆಮನೆಯ ಹುಡುಗ ಅಲ್ಲಿಗೆ ಹೋಗಿದ್ದ, ತಿರುಗಿಯೂ ಬಂದ. ಆದರೆ ಅವನ ತಾಯಿ ಆ ದಿನಗಳಲ್ಲಿ ಬಾಗಿಲ ಮುಂದೆ ಕಾರು ನಿಂತರೆ, ಕೆಟ್ಟ ಸುದ್ದಿ ತಂದ ಸೈನ್ಯದವರೇ ಇರಬೇಕೆಂದು, ಹೇಗೆ ಎದ್ದು ನಿಲ್ಲುತ್ತಿದ್ದಳು ಎಂಬುದನ್ನು ನಾನು ಕಿಟಕಿಯಿಂದ ನೋಡಿದ್ದೆ.

ಕಾರ್ಡನ್ನು ಎಲ್ಲಿಡುವುದು? ಬೀರುವಿನಲ್ಲಿಟ್ಟರೆ ಗಂಡ ನೋಡುತ್ತಾರೆ, ಪುಸ್ತಕದಲ್ಲಿಟ್ಟರೆ ಮಗ. ಅಡುಗೆಮನೆಗೆ ಬಂದು ಡಬ್ಬಿಗಳ ಸಾಲು ನೋಡಿದೆ. ಚಕ್ಕುಲಿ, ಅವಲಕ್ಕಿ, ಶೇಂಗಾ ಚಟ್ನಿಯ ಡಬ್ಬಿಗಳಿಗೆಲ್ಲ ಅಪ್ಪ ಮಗನ ಕೈ ಹೋಗುತ್ತದೆ. ಮೆಂತ್ಯದ ಡಬ್ಬಿಯನ್ನು ಹದಿನೆಂಟು ವರ್ಷದಲ್ಲಿ ಇಬ್ಬರಲ್ಲಿ ಒಬ್ಬರೂ ಮುಟ್ಟಿರಲಿಲ್ಲ. ಕಾರ್ಡನ್ನು ಅದರ ತಳಕ್ಕೆ ಹಾಕಿ, ಮೇಲೆ ಮೆಂತ್ಯ ಸುರಿದು, ಮುಚ್ಚಳ ಒತ್ತಿ ಮುಚ್ಚಿದೆ.

ಇದು ನನಗೆ ರಕ್ತದಿಂದ ಬಂದ ವಿದ್ಯೆ. ಹಿಟ್ಲರನ ಯುದ್ಧದ ಕಾಲದಲ್ಲಿ ನಮ್ಮೂರಿಗೆ ಸೈನ್ಯದ ಭರ್ತಿಯವರು ಬಂದು ಹುಡುಗರ ಎದೆ ಅಳೆಯುತ್ತಾರೆಂದು ಸುದ್ದಿ ಹಬ್ಬಿತ್ತಂತೆ. ಇಷ್ಟವಿದ್ದವರು ಮಾತ್ರ ಸೇರಬಹುದು ಎಂದು ಶಾಲೆಯ ಮಾಸ್ತರರು ಎಷ್ಟು ಹೇಳಿದರೂ ನಮ್ಮಜ್ಜಿ ನಂಬಲಿಲ್ಲ. ಮಗನನ್ನು, ಎಂದರೆ ನಮ್ಮ ಶಂಕ್ರಪ್ಪ ಕಾಕಾನನ್ನು, ಹತ್ತಿ ತುಂಬಿದ ಕೋಣೆಗೆ ನೂಕಿ ಮೇಲೆ ಎರಡು ಅಂಡಿಗೆ, ಎಂದರೆ ಎರಡು ದೊಡ್ಡ ಹೊರೆ, ಅರಳೆ ಹಾಕಿಸಿದಳು. ಸಂಜೆಯ ಹೊತ್ತಿಗೆ ಖಾಕಿಯವನೊಬ್ಬ ನಿಜವಾಗಿಯೂ ಬಾಗಿಲಿಗೆ ಬಂದ. ಅವನಿಗೆ ಬೇಕಾಗಿದ್ದದ್ದು ಕುಡಿಯಲು ನೀರು. ನೀರು ಕುಡಿಯುತ್ತಿದ್ದಾಗ ಒಳಗಿನ ಅರಳೆ ಹನ್ನೊಂದು ಸಲ ಸೀನಿತು. ‘ಒಳಗ ಯಾರದಾರ್ರೀ?’ ಎಂದು ಅವನು ಕೇಳಿದ್ದಕ್ಕೆ ಅಜ್ಜಿ ‘ಬೆಕ್ಕು’ ಎಂದಳಂತೆ. ಕಾಕಾ ಮೈತುಂಬ ಬಿಳಿ ಎಳೆ ಅಂಟಿಸಿಕೊಂಡು ಹೊರಗೆ ಬಂದಾಗ ಅವನ ಎದೆಯ ಸುತ್ತಳತೆ ಯಾವ ಸೈನ್ಯಕ್ಕೂ ಸಾಲದು ಎಂಬುದು ಎಲ್ಲರಿಗೂ ಕಾಣುತ್ತಿತ್ತು. ನಾವು ಮಕ್ಕಳು ಈ ಕಥೆಯನ್ನು ಬೇಸಿಗೆ ರಜೆಯಲ್ಲಿ ಅಂಗಳದಲ್ಲಿ ಮಲಗಿ ಹತ್ತಾರು ಸಲ ಹೇಳಿಸಿಕೊಂಡು ಅಜ್ಜಿಯ ದಡ್ಡತನಕ್ಕೆ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಏಪ್ರಿಲ್ ತಿಂಗಳ ಒಂದು ಭಾನುವಾರ ನಮ್ಮ ಮನೆಯಲ್ಲಿ ಚಹಾ. ಇಂಗ್ಲೆಂಡಿನಲ್ಲಿ ಚುನಾವಣೆ ಗೊತ್ತಾಗಿತ್ತು. ಯಾರಿಗೆ ಮತ ಎಂದು ಡೋರೀನ್‌ಗೆ ಬರೆದು ತಿಳಿಸಬೇಕಿತ್ತು. ಹೆರಾಲ್ಡ್ ಬಂದಿದ್ದರು. ಅರ್ಧ ತಾಸಿನ ದಾರಿಯಿಂದ ಡಾಕ್ಟರ್ ಬಿರಾದಾರರೂ ಬಂದಿದ್ದರು. ವಿಜಾಪುರದವರು, ನಮ್ಮ ಹಾಗೆಯೇ ಇಂಗ್ಲೆಂಡನ್ನು ಹಾದು ಬಂದವರು, ಅವರ ಪಾಸ್‌ಪೋರ್ಟೂ ನೀಲಿಯದು. ಅವರ ಹೆಂಡತಿ ಮೂವರು ಹೆಣ್ಣುಮಕ್ಕಳನ್ನು ಭರತನಾಟ್ಯದ ಕ್ಲಾಸಿಗೆ ಕರೆದುಕೊಂಡು ಹೋಗಿದ್ದರು. ಸಂಜು ಗೆಳೆಯರೊಡನೆ ಎಲ್ಲೋ ಹೋಗಿದ್ದ. ನಾಲ್ಕು ಜನ ಬ್ರಿಟಿಷರು ಬೆಲ್ಲದ ಉಂಡಿ ತಿನ್ನುತ್ತ ತಾಯ್ನಾಡಿನ ಭವಿಷ್ಯ ಚರ್ಚಿಸತೊಡಗಿದೆವು. ಅಲ್ಲಿಯ ಸರ್ಕಾರ ಹದಿನೆಂಟು ವರ್ಷದಿಂದ ಕೂತಿತ್ತು, ಹೆಚ್ಚುಕಡಿಮೆ ನನ್ನ ಮಗನ ವಯಸ್ಸಿನದು. ಈ ಸಲ ಬೀಳುತ್ತದೆ ಎಂದು ಹೆರಾಲ್ಡ್, ಬೀಳಲಿ ಎಂದು ನಾನು, ಬೀಳಬಾರದು ಎಂದು ನಮ್ಮನೆಯವರು. ಮೇ ತಿಂಗಳಲ್ಲಿ ಅದು ಬಿತ್ತು, ನಿಮಗೆ ಗೊತ್ತೇ ಇದೆ.

ಹೆರಾಲ್ಡ್ ತಮಗೆ ಹದಿನೈದು ದಿನ ತಡವಾಗಿ ಬರುವ ಊರ ಪತ್ರಿಕೆ ತಂದಿದ್ದರು. ಅವರ ಕಡೆಯ ಯಾರೋ ಒಬ್ಬ ಅಭ್ಯರ್ಥಿ, ರಾಷ್ಟ್ರೀಯ ಸೇವೆಯನ್ನು ಮತ್ತೆ ತರಬೇಕು ಎಂದು ಭಾಷಣ ಮಾಡಿದ್ದನಂತೆ. ಹದಿನೆಂಟು ತುಂಬಿದ ಹುಡುಗರನ್ನೆಲ್ಲ ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಸುವ ಪದ್ಧತಿ ಅದು. ಹಿಟ್ಲರನ ಯುದ್ಧ ಮುಗಿದಮೇಲೂ ಹಲವು ವರ್ಷ ಅಲ್ಲಿ ನಡೆದಿತ್ತು, ಆಮೇಲೆ ನಿಂತಿತ್ತು.

ಬಿರಾದಾರರು ಉಂಡಿಯನ್ನು ತಟ್ಟೆಗಿಟ್ಟು ನೆಟ್ಟಗೆ ಕೂತರು. “ತರಲೇಬೇಕ್ರಿ. ಈಗಿನ ಹುಡುಗೂರಿಗೆ ಶಿಸ್ತೇ ಇಲ್ಲ. ಮುಂಜಾನೆ ಹತ್ತಕ್ಕ ಏಳ್ತಾವು, ಟೋಪಿ ಹಿಂದಮುಂದ ಹಾಕ್ಕೋತಾವು. ಎರಡು ವರ್ಷ ಬೂಟು ಹಾಕ್ಸಿ ಓಡಿಸಿದ್ರ ಎಲ್ಲಾ ಸರಿ ಆಗ್ತಾವು.”

“ಅಣ್ಣಾರ, ನಿಮ್ಮ ಮನ್ಯಾಗ ಮೂರೂ ಹೆಣ್ಣು ಅದಾವಲ್ರೀ,” ಎಂದೆ.

“ಅದು ಬ್ಯಾರೆ ಮಾತು, ವೈನೀ. ನಾ ದೇಶದ ಹಿತಕ್ಕ ಹೇಳಾಕತ್ತೀನಿ.”

ದೇಶದ ಹಿತದ ಮಾತಾಡುವವರಿಗೆ ಹೆಣ್ಣುಮಕ್ಕಳೇ ಇರುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಬಿರಾದಾರರು ಹೆರಾಲ್ಡರ ಕಡೆ ತಿರುಗಿ, “ನಿಮ್ಮ ಕಾಲದಲ್ಲಿ ಇತ್ತಲ್ಲ, ನೀವೇ ಹೇಳಿ,” ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೆರಾಲ್ಡರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ಅವರ ಯಾರ್ಕ್‌ಶೈರಿನ ಉಚ್ಚಾರ ನನ್ನ ಕೈಲಿ ಬರುವುದಿಲ್ಲ. “ಎರಡು ವರ್ಷ ಮಾಡಿದೆ. ಇಸ್ತ್ರಿ ಮಾಡುವುದು ಕಲಿತೆ. ದೊಡ್ಡ ಅಧಿಕಾರಿ ಬರುತ್ತಾನೆಂದರೆ ಕಲ್ಲಿದ್ದಲ ರಾಶಿಗೆ ಸುಣ್ಣ ಬಳಿಯುತ್ತಿದ್ದೆವು, ಬೆಳ್ಳಗೆ ಚೆಂದ ಕಾಣಲಿ ಅಂತ. ಆಮೇಲೆ ಐದು ತಿಂಗಳು ಒಂದು ಶೆಡ್ಡು ಕಾಯ್ದೆ. ಒಳಗೆ ಏನಿದೆ ಅಂತ ಯಾರೂ ಹೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಬಂದೂಕು ಹೆಗಲಿಗೇರಿಸಿ ಮಂಜಿನಲ್ಲಿ ನಿಲ್ಲುತ್ತಿದ್ದೆ. ಹೊರಡುವ ದಿನ ಬೀಗದ ಕೈಯವನು ತೆಗೆದು ತೋರಿಸಿದ. ಕ್ರಿಕೆಟ್ಟಿನ ಸ್ಟಂಪುಗಳು.”

ನಾವೆಲ್ಲ ನಕ್ಕೆವು. ನಮ್ಮನೆಯವರೂ ನಕ್ಕರು, ಅದು ಅಪರೂಪ. ಹೆರಾಲ್ಡ್ ಮಾತ್ರ ಬಟ್ಟಲಿನ ಚಹಾ ಮುಗಿಸಿ ಬಟ್ಟಲನ್ನು ಸಾಸರಿನ ನಟ್ಟನಡುವೆ ಕೂರಿಸಿದರು.

“ನನ್ನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದ್ದ. ಒಂದೇ ರೈಲಿನಲ್ಲಿ ಬಂದವರು ನಾವು. ಒಂದು ಬೆಳಿಗ್ಗೆ ಪಟ್ಟಿ ಓದಿದರು. ನನ್ನ ಹೆಸರು ಶೆಡ್ಡಿಗೆ ಬಂತು, ಅವನ ಹೆಸರು ಪೂರ್ವದ ಕಡೆ ಹೋಗುವ ಹಡಗಿಗೆ. ಅವನು ವಾಪಸ್ ಬರಲಿಲ್ಲ. ಅವನ ತಾಯಿ ನಮ್ಮ ಊರಿನ ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಮೇಲೆ ನಾನು ಬೇರೆ ಬೇಕರಿಗೆ ಹೋಗತೊಡಗಿದೆ.”

ನನ್ನ ಕಣ್ಣು ತಾನಾಗಿ ಅಡುಗೆಮನೆಯ ಕಡೆ, ಡಬ್ಬಿಗಳ ಕಡೆ ಹೋಯಿತು. ಬಚ್ಚಿಟ್ಟದ್ದು ಒಳ್ಳೆಯದಾಯಿತು, ಸಾವಿರ ಸಲ ಒಳ್ಳೆಯದಾಯಿತು ಎಂದುಕೊಂಡೆ. ಆಗ ಬಿರಾದಾರರು ಮಾತು ಬದಲಿಸಲೆಂದು ನನ್ನ ಕಡೆ ತಿರುಗಿದರು.

“ಅಂದಂಗ ವೈನೀ, ಇಲ್ಲಿ ಅಮೆರಿಕದಾಗ ಹದಿನೆಂಟಾದ ಗಂಡುಹುಡುಗೂರು ಹೆಸರು ಬರಸಬೇಕಲ್ಲ. ಸಂಜೂಂದು ಆತೇನು?”

“ನಾವು ಈ ದೇಶದ ಸಿಟಿಜನ್ ಅಲ್ಲಲ್ರೀ,” ಎಂದೆ.

“ಗ್ರೀನ್ ಕಾರ್ಡ್ ಇದ್ರೂ ಬರಸಬೇಕ್ರಿ. ಬರೀ ಹೆಸರು ಅಷ್ಟ, ಈಗ ಯಾರನ್ನೂ ಕರಿಯಾಂಗಿಲ್ಲ. ಆದ್ರ ಬರಸಲಿಲ್ಲ ಅಂದ್ರ ಗುನ್ನೆ. ಅಟ್ಲಾಂಟಾದಾಗ ನಮ್ಮ ತಂಗೀ ಮಗ ಹಂಗ ಬಿಟ್ಟ ನೋಡ್ರಿ, ಈಗ ಸಿಟಿಜನ್‌ಶಿಪ್‌ಗೆ ಅಪ್ಲೈ ಮಾಡಿದ್ರ ಯಾಕ ಬರಸಲಿಲ್ಲ ಅಂತ ಕಾಗದದ ಮ್ಯಾಲೆ ಕಾಗದ. ಕಾಲೇಜಿಗೆ ಸರ್ಕಾರದ ಸಹಾಯನೂ ಸಿಗಂಗಿಲ್ಲ. ಹದಿನೆಂಟು ತುಂಬಿದ ದಿನದಿಂದ ಮೂವತ್ತು ದಿನದಾಗ ಪೋಸ್ಟ್ ಆಫೀಸಿನ್ಯಾಗ ಫಾರ್ಮು ತುಂಬಬೇಕು.”

ಹಾಗಾದರೆ ನಾನು ಬಚ್ಚಿಟ್ಟದ್ದು ಹೆಸರು ಬರೆಸು ಎಂದು ಹೇಳುವ ಕಾರ್ಡು, ಮೂವತ್ತು ದಿನ ಮುಗಿದು ಎಷ್ಟೋ ದಿನವಾಗಿತ್ತು. ನಮ್ಮನೆಯವರ ಮುಖ ನೋಡಿದೆ. ಅವರು ತಮ್ಮ ಬಟ್ಟಲಿನೊಳಗೆ ಇಣುಕಿ ನೋಡುತ್ತ ಕೆಮ್ಮಿದರು. “ಹೆರಾಲ್ಡ್, ಇನ್ನೊಂದು ಉಂಡಿ?” ಎಂದರು. ಪಾಪ, ಇವರಿಗೆ ಏನೂ ಗೊತ್ತಿಲ್ಲ, ಗೊತ್ತಿರುವವಳು ನಾನೊಬ್ಬಳೇ ಎಂದುಕೊಂಡೆ.

ಆ ಸಂಜೆಯಿಡೀ ನನ್ನ ತಲೆಯಲ್ಲಿ ಒಂದೇ ಮಾತು. ಸೈನ್ಯದಿಂದ ಉಳಿಸಲು ಹೋಗಿ ಮಗನನ್ನು ಗುನ್ನೆಗಾರನನ್ನಾಗಿ ಮಾಡಿದೆ. ಓದಿಗೆ ಕಲ್ಲು ಹಾಕಿದೆ. ನಾಳೆ ಅವನು ಡರ್ಹಮ್‌ಗೆ ಹೋಗಲಾಗದೆ ಮನೆಯಲ್ಲಿ ಕೂತರೆ ಅದಕ್ಕೆ ಕಾರಣ ಯಾವ ಸೇನಾಧಿಪತಿಯೂ ಅಲ್ಲ, ಅವನನ್ನು ಹೆತ್ತವಳು. ಅವನು ಎದುರು ಕೂತು ರೊಟ್ಟಿ ಮುರಿಯುತ್ತ “ಅಮ್ಮಾ, ಇನ್ನೊಂದು ಹಾಕು,” ಎಂದಾಗ ತಲೆ ಎತ್ತಿ ಅವನ ಮುಖ ನೋಡಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಇಬ್ಬರೂ ಮನೆ ಬಿಟ್ಟ ಕೂಡಲೇ ಮೆಂತ್ಯ ಸುರುವಿ ಕಾರ್ಡು ತೆಗೆದೆ. ಆಗಲಾದರೂ ಓದಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಓದಲಿಲ್ಲ. ಈಗ ಅದರಲ್ಲಿ ಕಡೆಯ ದಿನಾಂಕ, ಶಿಕ್ಷೆ ಏನೆಲ್ಲ ಬರೆದಿರುತ್ತಾರೋ ಎಂದು ಕಣ್ಣು ಬೇರೆ ಕಡೆ ತಿರುಗಿಸಿದೆ. ಚೀಲದಲ್ಲಿ ಹಾಕಿಕೊಂಡು ಪೋಸ್ಟ್ ಆಫೀಸಿಗೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಕಾರಿನೊಳಗೆ ಉಪ್ಪಿನಕಾಯಿ ಹಾಕುವ ಮನೆಯ ವಾಸನೆ.

ಕೌಂಟರಿನಲ್ಲಿದ್ದಾಕೆ ನನ್ನ ವಯಸ್ಸಿನ ಕಪ್ಪು ಹೆಂಗಸು, ಕನ್ನಡಕಕ್ಕೆ ಮಣಿಯ ಸರ ಕಟ್ಟಿಕೊಂಡಿದ್ದಳು. ನಾನು ಗಂಟಲು ಸರಿಮಾಡಿಕೊಂಡು, ನನಗೆ ಗೊತ್ತಿರುವ ಒಬ್ಬ ಹೆಂಗಸಿದ್ದಾಳೆ, ಅವಳ ಮಗನಿಗೆ ಹದಿನೆಂಟಾಗಿದೆ, ಅವಳು ಬಹಳ ಕೆಲಸದವಳು, ಹೀಗಾಗಿ ಹೆಸರು ಬರೆಸುವುದು ಮರೆತುಹೋಗಿದೆ ಎಂದೆಲ್ಲ ಸುತ್ತಿ ಬಳಸಿ ಹೇಳಿದೆ. ಆಕೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಒಂದು ಫಾರ್ಮು ತೆಗೆದು ಮುಂದಿಟ್ಟಳು. ಹೆಸರು, ವಿಳಾಸ, ಹುಟ್ಟಿದ ದಿನ, ಸಹಿ. ಇಷ್ಟೇ ಇತ್ತು. ನಾನು ಅಲ್ಲೇ ಪೆನ್ನು ತೆಗೆದೆ.

“ಅದು ನಿನ್ನ ಕೆಲಸ ಅಲ್ಲ, ಹನೀ,” ಎಂದಳು. “ಸಹಿ ಅವನದೇ ಆಗಬೇಕು. ತಾಯಂದಿರದು ನಡೆಯುವುದಿಲ್ಲ.”

“ತಡವಾಗಿದೆ,” ಎಂದೆ.

“ತಡವಾದರೂ ತಗೊಳ್ಳುತ್ತಾರೆ. ಇವತ್ತು ಸಂಜೆಯೇ ಹಾಕಿಸು.” ಹಿಂದೆ ಸಾಲಿನಲ್ಲಿ ಮೂರು ಜನ ನಿಂತಿದ್ದರು. ಆಕೆ ಅವರನ್ನು ಲೆಕ್ಕಿಸದೆ ಸ್ವಲ್ಪ ಮುಂದಕ್ಕೆ ಬಾಗಿದಳು. “ನನ್ನ ಮಗ ಈ ಕೌಂಟರಿನಲ್ಲೇ ತುಂಬಿದ. ಮುದ್ರೆ ಒತ್ತಿದ್ದು ನಾನೇ. ಆಮೇಲೆ ಹೋಗಿ ಕಾರಿನಲ್ಲಿ ಕೂತು ಅತ್ತೆ. ಈಗ ಅವನು ಶಾಲೆಯಲ್ಲಿ ಗಣಿತ ಕಲಿಸುತ್ತಾನೆ.”

ಫಾರ್ಮು ತಗೊಂಡು ಹೊರಗೆ ಬಂದು ಕಾರಿನಲ್ಲಿ ಕೂತು ನಾನೂ ಅತ್ತೆ.

ಸಂಜು ಶಾಲೆಯಿಂದ ಬರುವ ಹೊತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ಫಾರ್ಮು, ಪೆನ್ನು, ಕಾರ್ಡು ಸಾಲಾಗಿ ಇಟ್ಟುಕೊಂಡು ಕೂತಿದ್ದೆ. ನನ್ನ ಮುಖ ನೋಡಿದವನೇ ಬ್ಯಾಗನ್ನು ಕೆಳಗೆ ಬಿಟ್ಟ.

“ವಾಟ್ ಹ್ಯಾಪನ್ಡ್? ಇಂಡಿಯಾದಿಂದ ಫೋನ್ ಬಂತಾ?”

“ಯಾರಿಗೂ ಏನೂ ಆಗಿಲ್ಲ. ಕೂಡು. ನಾ ಒಂದು ತಪ್ಪು ಮಾಡೀನಿ.”

ಎಲ್ಲ ಹೇಳಿದೆ. ಮಾರ್ಚಿನ ಮಧ್ಯಾಹ್ನ, ಮೆಂತ್ಯದ ಡಬ್ಬಿ, ಹೆರಾಲ್ಡರ ಪಕ್ಕದ ಮಂಚದ ಹುಡುಗ, ಅಟ್ಲಾಂಟಾದ ಹುಡುಗನ ಕಷ್ಟ. “ನಿನ್ನ ಕಳ್ಕೋಬಾರದು ಅಂತ ಮಾಡಿದೆ. ಈಗ ನಿನ್ನ ಹಣೇಬರಹಾನ ಕೆಡಿಸಿಬಿಟ್ಟೆ,” ಎಂದೆ.

ಅವನು ಕಾರ್ಡು ಎತ್ತಿಕೊಂಡು ಮೊದಲು ಮೂಸಿ ನೋಡಿದ. ಆಮೇಲೆ ಓದಿದ. ಓದಿ ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಓದಿದ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಎದ್ದೆ. ಅವನು ನಗುತ್ತಿದ್ದ.

“ಅಮ್ಮಾ, ನೀ ಇದನ್ನ ಓದೇ ಇಲ್ಲ!”

“ಮ್ಯಾಲಿನ ಸಾಲು ಓದೀನಿ.”

“ಇದು ಕರಿಯೋ ಲೆಟರ್ ಅಲ್ಲ. ದಿಸ್ ಈಸ್ ದಿ ರಿಸೀಟ್. ನಾ ಫೆಬ್ರವರಿಯಲ್ಲೇ ರಿಜಿಸ್ಟರ್ ಮಾಡೀನಿ. ‘ರಿಜಿಸ್ಟರ್ ಆಗಿದೆ, ಇದನ್ನ ಜೋಪಾನ ಇಟ್ಕೋ’ ಅಂತ ಕಳಿಸಿದ್ದು. ಒಂದು ತಿಂಗಳಿಂದ ಇದನ್ನೇ ಹುಡುಕಾಕತ್ತೀನಿ! ನಾಳೆ ಅವರಿಗೆ ಫೋನ್ ಮಾಡೋನಿದ್ದೆ.”

ಅಡುಗೆಮನೆಯ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಬದುಕಿದೆ, ಎಂದೆ. ಎಷ್ಟು ಸಲ ಎಂದೆನೋ ಗೊತ್ತಿಲ್ಲ. ಅಳುವೂ ಬಂತು ನಗುವೂ ಬಂತು. ಅವನು ಪಕ್ಕದಲ್ಲಿ ನೆಲದ ಮೇಲೆ ಕೂತು, ತನ್ನ ಉದ್ದನೆಯ ಕಾಲು ಎಲ್ಲಿ ಚಾಚುವುದೆಂದು ತಿಳಿಯದೆ ಮಡಚಿಕೊಂಡ. ಅವನು ಗುನ್ನೆಗಾರನಲ್ಲ, ಸೈನ್ಯಕ್ಕೂ ಹೋಗುತ್ತಿಲ್ಲ, ಓದಿಗೂ ಏನೂ ಅಡ್ಡಿಯಿಲ್ಲ. ಆ ಕ್ಷಣದಷ್ಟು ಹಗುರ ನಾನು ಅದಕ್ಕೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

“ಯಾರು ಹೇಳಿದ್ರು ನಿನಗ, ಬರಸಬೇಕು ಅಂತ?”

“ಅಪ್ಪಾ. ಬರ್ತ್‌ಡೇ ನೆಕ್ಸ್ಟ್ ಡೇ ಅವರೇ ಪೋಸ್ಟ್ ಆಫೀಸ್‌ಗೆ ಡ್ರೈವ್ ಮಾಡಿದ್ರು.”

“ನಿಮ್ಮಪ್ಪಗ ಗೊತ್ತಿತ್ತಾ!”

“ಅಮ್ಮಗ ಹೇಳಬ್ಯಾಡ, ಶಿ ವೋಂಟ್ ಸ್ಲೀಪ್, ಅಂದ್ರು.”

ಸಮಾಧಾನವಾದ ಹೆಂಗಸಿಗೆ ಬರುವ ಸಿಟ್ಟು ಇದೆಯಲ್ಲ, ಅದಕ್ಕೆ ತಡೆಯಿಲ್ಲ. ನನ್ನಿಂದ ಮುಚ್ಚಿಟ್ಟರಾ, ಹೆತ್ತ ತಾಯಿಯಿಂದ, ಕಟ್ಟಿಕೊಂಡ ಹೆಂಡತಿಯಿಂದ, ಎಂದು ಕುದಿಯುತ್ತ ಸಂಜೆ ಆರರವರೆಗೆ ಕಾದೆ. ಅವರು ಬಂದು ಶೂ ಬಿಚ್ಚುವ ಮೊದಲೇ ಶುರುಮಾಡಿದೆ. ನಿನ್ನೆ ಚಹಾದ ಹೊತ್ತಿನಲ್ಲಿ ಬಟ್ಟಲಿನೊಳಗೆ ಏನು ಹುಡುಕುತ್ತಿದ್ದಿರಿ ಎಂದೂ ಕೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಕೊಂಡರು.

“ನೀ ಕಾರ್ಡು ಎಲ್ಲಿಟ್ಟಿದ್ದಿ?” ಎಂದರು.

“ಮೆಂತ್ಯದಾಗ.”

“ನಾ ಬಾಯಾಗ ಇಟ್ಟಿದ್ದೆ. ಇಬ್ಬರೂ ಛಲೋ ಇಟ್ಟೀವಿ ಬಿಡು,” ಎಂದು ಕೈತೊಳೆಯಲು ಹೋದರು.

ಊಟವಾದಮೇಲೆ ಸಂಜುವನ್ನು ಕರೆದು ಆ ಕಾರ್ಡನ್ನು ಮೊದಲಿನಿಂದ ಕಡೆಯವರೆಗೆ ಓದಿ ಹೇಳು ಎಂದೆ. ಇನ್ನು ನನಗೆ ತಿಳಿಯದ್ದೇನೂ ಅದರಲ್ಲಿ ಉಳಿಯಬಾರದು. ಅವನು ಸಾಲು ಸಾಲಾಗಿ ಓದುತ್ತ, ನಡುನಡುವೆ ತನಗೆ ಬಂದ ಕನ್ನಡದಲ್ಲಿ ಬಿಡಿಸುತ್ತ ಹೋದ. ಎಲ್ಲವೂ ಸಾಧುವಾದ ಸಾಲುಗಳು. ಕಡೆಯದರಲ್ಲಿ, ವಿಳಾಸ ಬದಲಾದರೆ ತಿಳಿಸಬೇಕು ಎಂದಿತ್ತು, ಹೊಸ ವಿಳಾಸ ಬರೆಯಲು ಕೆಳಗೆ ಖಾಲಿ ಗೆರೆಗಳಿದ್ದವು.

ಆಗಸ್ಟಿಗೆ ಇನ್ನು ನಾಲ್ಕು ತಿಂಗಳು. ಸೈನ್ಯದ ಗಲಾಟೆಯಲ್ಲಿ, ಡರ್ಹಮ್‌ಗೆ ಹೋಗುವುದೆಂದರೂ ಅವನು ಮನೆ ಬಿಡುವುದೇ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಅದು ಯಾವ ಸರ್ಕಾರವೂ ಕರೆಯದೆ, ನಾವೇ ಖುಷಿಯಿಂದ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರಬೇಕಾದ ಊರು. ನಾನು ಮೇಜಿನ ಮೇಲಿದ್ದ ಪೆನ್ನನ್ನು ಅವನ ಕಡೆ ಸರಿಸಿದೆ.

“ಬರೀಬೇಕಲ್ಲ,” ಎಂದೆ.

ಅವನು ಪೆನ್ನನ್ನು ಮುಟ್ಟಲಿಲ್ಲ. “ಕಾಲೇಜ್ ಡಾರ್ಮ್ ಅಡ್ರೆಸ್ ಎವ್ರಿ ಇಯರ್ ಚೇಂಜ್ ಆಗ್ತೈತಿ. ಇದೇ ಇರಲಿ. ಹೋಮ್ ಅಡ್ರೆಸ್ ಇದೇ ಅಲ್ಲಾ?” ಕಾರ್ಡನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. “ನೀನೇ ಇಟ್ಕೋ. ಅವರು ಏನರ ಕಳಿಸಿದ್ರ ಫಸ್ಟ್ ನೀನೇ ಓದು, ಅಮ್ಮಾ. ಬಟ್, ಪೂರ್ತಿ ಓದು.”